ಸೀಮೆಬದನೆ: ಚಪ್ಪರ ಗಟ್ಟಿ ಇರಲಿ, ಸಿಪ್ಪೆ ಬಿಸಾಡಬೇಡಿ

ಸೀಮೆಬದನೆ ಹಾಕಬೇಕು, ಬೀಜ ಎಲ್ಲಿ ಸಿಗುತ್ತದೆ ಅಂತ ಕೇಳುವವರು ಬಹಳ. ಬೀಜದ ಅಂಗಡಿಗೆ ಹೋಗುವ ಕೆಲಸವೇ ಇಲ್ಲ. ಇಡೀ ಕಾಯಿಯೇ ಬೀಜ. ಒಂದು ಕಾಯಿಯೊಳಗೆ ಇರುವುದು ಒಂದೇ ಒಂದು ಚಪ್ಪಟೆ ಬೀಜ, ಅದಕ್ಕೂ ಗಟ್ಟಿ ಚಿಪ್ಪಿಲ್ಲ. ಕುಂಬಳ, ಸೌತೆ ಬೀಜದಂತೆ ತೆಗೆದು ಬೂದಿ ಹಚ್ಚಿ ಒಣಗಿಸಿದರೆ ಸತ್ತೇ ಹೋಗುತ್ತದೆ. ಕಾಯಿಯ ತಿರುಳೇ ಅದಕ್ಕೆ ನೀರು, ಅದೇ ಗೊಬ್ಬರ. ಬಳ್ಳಿಯಲ್ಲಿ ಜಾಸ್ತಿ ದಿನ ಬಿಟ್ಟರೆ ನೇತಾಡಿಕೊಂಡಿದ್ದಲ್ಲೇ ಮೊಳೆಯುತ್ತದೆ.

ನಾನು ಹೇಳುವುದು ಕೊಪ್ಪದ ಕಡೆಯ ಹಿತ್ತಲಿನ ಲೆಕ್ಕ. ಇಲ್ಲಿ ಮಳೆ ವಿಪರೀತ, ಬಿಸಿಲು ಕಡಿಮೆ, ಮಂಗ ಜಾಸ್ತಿ. ಬೆಂಗಳೂರು, ಕೋಲಾರದ ಕಡೆಯವರು ತಿಂಗಳುಗಳನ್ನು ಸ್ವಲ್ಪ ಹಿಂದೆ ಮುಂದೆ ಮಾಡಿಕೊಳ್ಳಬೇಕು. ಈ ಬಳ್ಳಿಯ ಮೂಲ ಮೆಕ್ಸಿಕೋ, ಗ್ವಾಟೆಮಾಲದ ಬೆಟ್ಟಗಳು. ಹಾಗಾಗಿ ತಂಪು ಬೇಕು, ತೇವ ಬೇಕು, ಆದರೆ ನೀರು ನಿಲ್ಲಬಾರದು. ಮಲೆನಾಡು, ಕೊಡಗು, ಬೆಂಗಳೂರಿನ ಹವೆ ಚೆನ್ನಾಗಿ ಒಗ್ಗುತ್ತದೆ. ಕರಾವಳಿಯಲ್ಲಿ ಬೇಸಿಗೆಯ ಸೆಕೆಗೆ ಬಾಡುತ್ತದೆ. ರಾಯಚೂರು, ಕಲಬುರಗಿಯ ಬಿಸಿಲಿಗೆ ಇದನ್ನು ಹಾಕಿ ಅಂತ ನಾನಂತೂ ಹೇಳುವುದಿಲ್ಲ.

ನೆಡಲು ಚೆನ್ನಾಗಿ ಬಲಿತ, ಗಾಯವಿಲ್ಲದ ಕಾಯಿ ಆರಿಸಿ. ಅಂಗಡಿಯಲ್ಲಿ ಹೊಳೆಯುವ ಎಳೆಗಾಯಿ ಅಡಿಗೆಗೆ ಸರಿ, ನೆಡಲು ಅಲ್ಲ. ಫ್ರಿಜ್ಜಿನಲ್ಲಿ ಬಹಳ ದಿನ ಕೂತ ಕಾಯಿಯೂ ಬೇಡ, ಶೀತ ಹೊಡೆದದ್ದು ಮೊಳೆಯುವ ಬದಲು ಕೊಳೆಯುತ್ತದೆ. ಕಾಯಿಯ ದಪ್ಪ ತುದಿಯಲ್ಲಿ ಒಂದು ಸೀಳಿರುತ್ತದೆ, ಹಲ್ಲು ಉದುರಿದ ಅಜ್ಜಿಯ ಬಾಯಿಯ ಹಾಗೆ. ಮೊಳಕೆ ಹೊರಡುವುದು ಅಲ್ಲಿಂದಲೇ. ಆ ಸೀಳು ಸ್ವಲ್ಪ ಬಿರಿದು ಒಳಗಿನ ಬೀಜದ ಅಂಚು ಕಾಣುತ್ತಿದ್ದರೆ ಅಂಥದ್ದನ್ನು ಬಿಡಲೇಬೇಡಿ.

ಮನೆಗೆ ತಂದು ಕತ್ತಲೆ ಮೂಲೆಯಲ್ಲಿ ಗೋಣಿಚೀಲದ ಮೇಲೆ ಇಡಿ. ನೀರು ಹಾಕಬೇಡಿ. ನಮ್ಮನೆಯಲ್ಲಿ ಅಟ್ಟದ ಕೆಳಗಿನ ಮೂಲೆ ಇದಕ್ಕೇ ಮೀಸಲು. ಎರಡರಿಂದ ನಾಲ್ಕು ವಾರದಲ್ಲಿ ಹಸಿರು ಮೊಳಕೆ ಬರುತ್ತದೆ, ಬುಡದಲ್ಲಿ ಬಿಳಿ ಬೇರು ಕಾಣುತ್ತದೆ. ಒಂದು ಗೇಣು ಉದ್ದ ಆದಮೇಲೆ ನೆಲಕ್ಕೆ ಇಳಿಸಬಹುದು. ಇಲಿಗಳಿಗೆ ಈ ಮೊಳಕೆ ಬಹಳ ಇಷ್ಟ, ಮೇಲೆ ಒಂದು ಬುಟ್ಟಿ ಕವುಚಿ ಹಾಕಿ. ಒಂದೇ ಬಳ್ಳಿಯಲ್ಲಿ ಗಂಡು ಹೂ, ಹೆಣ್ಣು ಹೂ ಎರಡೂ ಬಿಡುವುದರಿಂದ ಮನೆಮಟ್ಟಿಗೆ ಒಂದು ಬಳ್ಳಿ ಸಾಕು. ಆದರೂ ನಾನು ಎರಡು ಹಾಕುತ್ತೇನೆ. ಒಂದಕ್ಕೆ ರೋಗ ಬಂದರೆ ಇನ್ನೊಂದು ಇರಲಿ ಅಂತ.

ಗುಂಡಿ ಒಂದೂವರೆ ಅಡಿ ಅಗಲ, ಅಷ್ಟೇ ಆಳ. ಒಂದು ಬುಟ್ಟಿ ಹಳೆ ಕೊಟ್ಟಿಗೆ ಗೊಬ್ಬರ, ಮೇಲ್ಮಣ್ಣು, ಎರಡು ಹಿಡಿ ಒಲೆಬೂದಿ ಬೆರೆಸಿ ತುಂಬಿ. ನಮ್ಮ ಕಡೆ ಗುಂಡಿ ತುಂಬಿ ನೆಲಮಟ್ಟಕ್ಕೆ ನಿಲ್ಲಿಸಿದರೆ ಆಷಾಢದ ಮಳೆಗೆ ಅದೇ ಬಾವಿ ಆಗುತ್ತದೆ. ಆದ್ದರಿಂದ ನೆಲದಿಂದ ಒಂದು ಅಡಿ ಮೇಲೆ ಬರುವ ಹಾಗೆ ದಿಬ್ಬ ಮಾಡಿ, ಅದರ ಮೇಲೆ ನೆಡಬೇಕು. ಕಾಯಿಯನ್ನು ಓರೆಯಾಗಿ ಮಲಗಿಸಿ, ದಪ್ಪ ತುದಿ ಕೆಳಗೆ, ಮೊಳಕೆ ಮೇಲಕ್ಕೆ. ಮುಕ್ಕಾಲು ಭಾಗ ಮಣ್ಣೊಳಗೆ, ತೊಟ್ಟಿನ ಕಡೆ ಸ್ವಲ್ಪ ಹೊರಗೆ ಕಾಣುತ್ತಿರಲಿ. ಪೂರ್ತಿ ಹೂತರೆ ಮಳೆಯಲ್ಲಿ ಕೊಳೆಯುವುದೇ ಜಾಸ್ತಿ. ಎರಡು ಗಿಡದ ನಡುವೆ ಎಂಟು ಅಡಿ ಬಿಡಿ.

ಮೇ ತಿಂಗಳ ಅಡ್ಡಮಳೆ ಬಿದ್ದ ಮೇಲೆ ನೆಟ್ಟರೆ ಜೋರು ಮಳೆ ಹಿಡಿಯುವುದರೊಳಗೆ ಬೇರು ಕಚ್ಚಿರುತ್ತದೆ. ಬಯಲುಸೀಮೆಯವರು ಜುಲೈ, ಆಗಸ್ಟ್‌ನಲ್ಲಿ ನೆಡಬಹುದು.

ಈಗ ಚಪ್ಪರದ ಮಾತು. ಗೊಬ್ಬರದಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆದರೂ ಈ ಬಳ್ಳಿ ಸುಧಾರಿಸಿಕೊಳ್ಳುತ್ತದೆ, ಚಪ್ಪರ ಕೈಕೊಟ್ಟರೆ ಮುಗಿಯಿತು. ಬಳ್ಳಿ 30 ಅಡಿ ಹೋಗುವುದು ಸಾಮಾನ್ಯ. ಒಂದೊಂದು ಕಾಯಿ ಕಾಲು ಕಿಲೋ ತೂಗುತ್ತದೆ. ಕಾಯಿ ಹಿಡಿದ ಬಳ್ಳಿ, ಅದರ ಮೇಲೆ ಮಳೆನೀರು ಕುಡಿದ ಎಲೆ, ಜೊತೆಗೆ ಒಂದು ಗಾಳಿ. ಹಾಗಲಕಾಯಿಗೆ ಹಾಕುವ ತೆಳು ಚಪ್ಪರ ಇದಕ್ಕೆ ಸಾಲುವುದೇ ಇಲ್ಲ. ವರ್ಷಕ್ಕೊಮ್ಮೆ ಕಿತ್ತುಹಾಕುವ ಬಳ್ಳಿಯೂ ಇದಲ್ಲ, ಮೂರು ನಾಲ್ಕು ವರ್ಷ ನಿಲ್ಲುತ್ತದೆ. ಹಾಗಾಗಿ ಖರ್ಚು ಮಾಡುವುದಿದ್ದರೆ ಇಲ್ಲಿ ಮಾಡಿ.

ಅನುಕೂಲ ಇದ್ದವರು ದ್ರಾಕ್ಷಿಗೆ ಹಾಕುವ ಹಾಗೆ ಕಲ್ಲುಕಂಬ ನೆಟ್ಟು ತಂತಿ ಎಳೆಯುವುದು ಒಳ್ಳೆಯದು. ನಮ್ಮದು ಕಾಡುಮರದ ಗೂಟ, ಮೇಲೆ ಬಿದಿರಿನ ಗಳ, ಅಡ್ಡಕ್ಕೆ ಅಡಿಕೆ ಮರ ಸೀಳಿದ ದಬ್ಬೆ. ಗೂಟದ ಬುಡವನ್ನು ಬೆಂಕಿಯಲ್ಲಿ ಕರಕು ಮಾಡಿ ಹೂಳಿದರೆ ಗೆದ್ದಲು ಸ್ವಲ್ಪ ತಡ ಮಾಡುತ್ತದೆ. ದಬ್ಬೆಯನ್ನು ಮಾತ್ರ ವರ್ಷ ವರ್ಷ ಬದಲಿಸಲೇಬೇಕು, ಮಳೆಗಾಲ ಕಳೆಯುವಷ್ಟರಲ್ಲಿ ಮೆತ್ತಗಾಗಿರುತ್ತದೆ. ಎತ್ತರ ಆರು ಅಡಿ ಇರಲಿ. ಇನ್ನೂ ಎತ್ತರ ಮಾಡಿದರೆ ನೋಡಲು ಚಂದ, ಕೊಯ್ಯಲು ಏಣಿ ಬೇಕು. ನಮ್ಮನೆಯವರು ಎತ್ತರ ಮಾಡೋಣ ಅಂತ ಪ್ರತಿ ಸಲ ಹೇಳುತ್ತಾರೆ, ಕೊಯ್ಯುವವಳು ನಾನಲ್ವಾ!

ಚಪ್ಪರದ ಕೆಳಗಿನ ನೆರಳನ್ನು ಸುಮ್ನೆ ಬಿಡಬೇಡಿ. ಕೆಸು, ಅರಿಶಿನ ಚೆನ್ನಾಗಿ ಬರುತ್ತವೆ. ಬುಡಕ್ಕೆ ಅಗೆತ ಮಾತ್ರ ಬೇಡ, ಬೇರು ಮೇಲ್ಮಣ್ಣಿನಲ್ಲೇ ಹರಡಿರುತ್ತದೆ. ಗುದ್ದಲಿ ಹಾಕುವ ಬದಲು ದರಗು, ಅಂದರೆ ಒಣಗಿದ ಎಲೆ, ಮುಚ್ಚಿ. ತಿಂಗಳಿಗೊಮ್ಮೆ ಸೆಗಣಿ ಬಗ್ಗಡವನ್ನು ನೀರಿಗೆ ಕಲಸಿ ಬುಡದಿಂದ ಒಂದು ಮಾರು ದೂರದಲ್ಲಿ ಸುತ್ತಲೂ ಹೊಯ್ಯಿರಿ. ಯೂರಿಯಾ ಸುರಿದರೆ ಚಪ್ಪರ ತುಂಬ ಎಲೆ, ಕಾಯಿ ಮಾತ್ರ ಹುಡುಕಬೇಕು. ಬೇಸಿಗೆಯಲ್ಲಿ ಎರಡು ಮೂರು ದಿನಕ್ಕೊಮ್ಮೆ ನೀರು ಬೇಕೇ ಬೇಕು. ಬಚ್ಚಲುನೀರು ಬಿಟ್ಟರೂ ಆಗುತ್ತದೆ, ಸೋಪಿನ ನೊರೆ ಕಡಿಮೆ ಇದ್ದರೆ.

ಬಳ್ಳಿ ಚಪ್ಪರ ಮುಟ್ಟಿದ ಕೂಡಲೇ ತುದಿ ಚಿವುಟಿ. ಪಕ್ಕದಿಂದ ನಾಲ್ಕಾರು ಕವಲು ಒಡೆಯುತ್ತದೆ. ಚಿವುಟಿದ ಕುಡಿ ತಂಬುಳಿಗೆ. ಅದನ್ನು ಆಮೇಲೆ ಹೇಳುತ್ತೇನೆ.

ಮೇನಲ್ಲಿ ನೆಟ್ಟ ಬಳ್ಳಿ ಆಗಸ್ಟ್ ಹೊತ್ತಿಗೆ ಚಪ್ಪರ ತುಂಬಿ, ಹೂವೇ ಇಲ್ಲದೆ ನಿಂತಿರುತ್ತದೆ. ಇದು ಗೊಡ್ಡು ಬಳ್ಳಿ ಅಂತ ಕಿತ್ತು ಬಿಸಾಡಿದವರನ್ನು ನಾನು ನೋಡಿದ್ದೇನೆ. ಸ್ವಲ್ಪ ತಾಳಿ. ಹಗಲು ದೊಡ್ಡದಿರುವಾಗ ಇದು ಎಲೆ, ಬಳ್ಳಿ ಬೆಳೆಸುತ್ತದೆ. ಹಗಲು ಹನ್ನೆರಡು ಗಂಟೆಯ ಆಸುಪಾಸಿಗೆ ಇಳಿದಾಗ ಹೂವಿಗೆ ತಿರುಗುತ್ತದೆ. ನಮಗೆ ಅದು ನವರಾತ್ರಿಯ ಹೊತ್ತು. ಗಂಡು ಹೂ ಗೊಂಚಲಲ್ಲಿ ಬರುತ್ತದೆ. ಹೆಣ್ಣು ಹೂ ಹೆಚ್ಚಾಗಿ ಒಂಟಿ, ಕೆಳಗೆ ಸಣ್ಣ ಕಾಯಿಯ ಆಕಾರ ಆಗಲೇ ಕಾಣುತ್ತದೆ. ಹೂ ಎಷ್ಟು ಸಣ್ಣದೆಂದರೆ, ತಿಳಿಹಸಿರು ಬಣ್ಣ ಬೇರೆ, ಹುಡುಕಿ ನೋಡದಿದ್ದರೆ ಕಾಣುವುದಿಲ್ಲ. ಜೇನುಹುಳಕ್ಕೆ ಕಾಣುತ್ತದೆ. ತುಡುವೆ ಬರುತ್ತದೆ, ಮಿಸರಿ ಜೇನೂ ಬರುತ್ತದೆ. ಹೂವಿನ ಕಾಲದಲ್ಲಿ ಬೆಳಗ್ಗೆ ಯಾವ ಔಷಧಿಯನ್ನೂ ಹೊಡೆಯಬೇಡಿ, ಬೇವಿನೆಣ್ಣೆ ಹೊಡೆಯುವುದಿದ್ದರೂ ಸಂಜೆ ಹೊಡೆಯಿರಿ.

ರೋಗ, ಹುಳ ಇದಕ್ಕೆ ಬೇರೆ ತರಕಾರಿಯಷ್ಟಿಲ್ಲ. ಹಣ್ಣುನೊಣ ಚುಚ್ಚಿದ ಎಳೆಗಾಯಿ ಸೊಟ್ಟಗಾಗಿ, ಅಂಟು ಸೋರಿ ಉದುರುತ್ತದೆ. ಉದುರಿದ್ದನ್ನು ಹೆಕ್ಕಿ ಆಳವಾಗಿ ಹೂಳಿ, ಗೊಬ್ಬರಗುಂಡಿಗೆ ಎಸೆಯಬೇಡಿ. ಕ್ಯೂಲ್ಯೂರ್ ಬಲೆ ಅಂತ ಸಿಗುತ್ತದೆ, ಹಿತ್ತಲಿಗೆ ಒಂದು ತೂಗುಹಾಕಿದರೆ ಗಂಡು ನೊಣ ಅದಕ್ಕೆ ಬೀಳುತ್ತದೆ. ಎಲೆಯ ಮೇಲೆ ಹಿಟ್ಟು ಚೆಲ್ಲಿದಂತೆ ಬೂದಿರೋಗ ಕಂಡರೆ ಆ ಎಲೆ ಕಿತ್ತು, ಚಪ್ಪರ ಸ್ವಲ್ಪ ತೆಳುಮಾಡಿ ಗಾಳಿ ಆಡಲು ಬಿಡಿ. ಮಂಗಕ್ಕೆ ನನ್ನ ಹತ್ತಿರ ಮದ್ದಿಲ್ಲ. ನಾಯಿ ಇದ್ದರೆ ಸ್ವಲ್ಪ ಜಾಸ್ತಿ, ಇಲ್ಲದಿದ್ದರೆ ಕಡಿಮೆ ಉಳಿಯುತ್ತದೆ.

ಹೆಣ್ಣು ಹೂ ಅರಳಿ ಸುಮಾರು ಒಂದು ತಿಂಗಳಿಗೆ ಕಾಯಿ ಕೊಯ್ಯುವಂತಾಗುತ್ತದೆ. ಉಗುರು ಒತ್ತಿದರೆ ಸಲೀಸಾಗಿ ಇಳಿಯಬೇಕು. ದಪ್ಪ ತುದಿಯ ಸೀಳು ಮುಚ್ಚಿಕೊಂಡೇ ಇರಬೇಕು. ಬಿರಿದರೆ ನಾರು ಬಂದಿರುತ್ತದೆ. ಅದನ್ನು ಅಟ್ಟದ ಕೆಳಗಿನ ಮೂಲೆಗೆ ಕಳಿಸಿ.

ಇನ್ನು ಅಡಿಗೆಮನೆ. ಹೆಚ್ಚುವ ಮೊದಲು ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ, ಇಲ್ಲವೇ ನೀರು ತುಂಬಿದ ಬೋಗುಣಿಯೊಳಗೆ ಕಾಯಿ ಮುಳುಗಿಸಿಕೊಂಡು ಸಿಪ್ಪೆ ತೆಗೆಯಿರಿ. ಕತ್ತರಿಸಿದ ಕೂಡಲೇ ಬಿಳಿ ಸೊನೆ ಬರುತ್ತದೆ. ಅದು ಬೆರಳಿಗೆ ತಾಗಿ ಒಣಗಿದರೆ ಚರ್ಮ ಬಿಗಿದು, ಜೋಮು ಹಿಡಿದ ಹಾಗಾಗಿ, ತೆಳು ಪದರದಂತೆ ಸುಲಿಯುತ್ತದೆ. ಹೆದರುವಂಥದ್ದೇನಲ್ಲ, ಸ್ವಲ್ಪ ಹೊತ್ತಿಗೆ ಹೋಗುತ್ತದೆ. ಸೌತೆಕಾಯಿಗೆ ಮಾಡುವಂತೆ ತುದಿ ಕೊಯ್ದು ಉಜ್ಜಿದರೂ ಸೊನೆ ಬಹಳಷ್ಟು ಇಳಿಯುತ್ತದೆ.

ಸಪ್ಪೆ ಕಾಯಿ, ರುಚಿಯೇ ಇಲ್ಲ ಅಂತ ಮೂಗು ಮುರಿಯುವವರಿದ್ದಾರೆ. ಸಪ್ಪೆ ಹೌದು. ಅದೇ ಅದರ ಗುಣ. ಹುಳಿಗೆ ಹಾಕಿ, ಮಜ್ಜಿಗೆ ಹುಳಿಗೆ ಹಾಕಿ, ಸಾಗುವಿಗೆ ಹಾಕಿ, ಯಾವುದರ ಜೊತೆಗೂ ಜಗಳವಿಲ್ಲ. ಎಳೆಯದಾದರೆ ಹಸಿಯಾಗೇ ತುರಿದು ಕೋಸಂಬರಿ ಮಾಡಬಹುದು. ಉಪ್ಪು ಮಾತ್ರ ಬಡಿಸುವ ಹೊತ್ತಿಗೆ ಹಾಕಬೇಕು, ಇಲ್ಲದಿದ್ದರೆ ನೀರು ಬಿಟ್ಟು ಸಾರಾಗುತ್ತದೆ. ಪಲ್ಯಕ್ಕೂ ನೀರು ಹಾಕುವ ಅಗತ್ಯವಿಲ್ಲ. ನೂರು ಗ್ರಾಂ ಕಾಯಿಯಲ್ಲಿ 94 ಗ್ರಾಂ ನೀರೇ ಇರುತ್ತದೆ. ಮುಚ್ಚಿ ಸಣ್ಣ ಉರಿಯಲ್ಲಿಟ್ಟರೆ ತನ್ನ ನೀರಲ್ಲೇ ಬೇಯುತ್ತದೆ.

ಸಿಪ್ಪೆ ಬಿಸಾಡುವವರ ಮೇಲೆ ನನಗೆ ಸಿಟ್ಟು. ಈ ಕಾಯಿಯ ರುಚಿ ಇರುವುದು ಸಿಪ್ಪೆ ಚಟ್ನಿಯಲ್ಲಿ. ನಮ್ಮತ್ತೆ ಮಾಡುವ ಕ್ರಮ ಹೀಗೆ. ಸಿಪ್ಪೆಯನ್ನು ಸ್ವಲ್ಪ ದಪ್ಪವಾಗೇ ಹೆರೆಯಬೇಕು, ತಿರುಳೂ ಬರಲಿ. ಬಾಣಲೆಗೆ ಎರಡು ಚಮಚ ಎಣ್ಣೆ ಹಾಕಿ ಒಂದು ಚಮಚ ಕಡ್ಲೆಬೇಳೆ, ಒಂದು ಚಮಚ ಉದ್ದಿನಬೇಳೆ, ನಾಲ್ಕೈದು ಬ್ಯಾಡಗಿ ಮೆಣಸು ಹುರಿದು, ಇಂಗು ಹಾಕಿ ತೆಗೆದಿಡಿ. ಅದೇ ಎಣ್ಣೆಗೆ ಎರಡು ಕಾಯಿಯ ಸಿಪ್ಪೆ. ಇಲ್ಲಿ ಅವಸರ ಮಾಡಬಾರದು. ಮೊದಲು ನೀರು ಬಿಡುತ್ತದೆ, ಆ ನೀರು ಆರಬೇಕು, ಹಸಿರು ಬಣ್ಣ ಮಂಕಾಗಿ ಅಂಚು ಅಲ್ಲಲ್ಲಿ ಕಂದಾಗಬೇಕು, ಹಸಿ ವಾಸನೆ ಹೋಗಿ ಸಣ್ಣಗೆ ಸಿಹಿ ಪರಿಮಳ ಬರಬೇಕು. ಆಗ ಇಳಿಸಿ. ಒಂದು ಹಿಡಿ ಕಾಯಿತುರಿ, ಗೋಲಿಯಷ್ಟು ಹುಣಸೆಹಣ್ಣು, ಚೂರು ಬೆಲ್ಲ, ಉಪ್ಪು ಸೇರಿಸಿ ತರಿತರಿಯಾಗಿ ರುಬ್ಬಿ. ಬೇಳೆಗಳನ್ನು ಕೊನೆಗೆ ಹಾಕಿ ಒಂದು ಸುತ್ತು ತಿರುಗಿಸಿದರೆ ಬಾಯಿಗೆ ಸಿಗುತ್ತವೆ. ಅನ್ನಕ್ಕೆ ತುಪ್ಪದ ಜೊತೆ ಕಲಸಿಕೊಳ್ಳಬೇಕು. ದೋಸೆಗೂ ಆಗುತ್ತದೆ, ಆದರೆ ಅನ್ನಕ್ಕೇ ಸರಿ.

ಬೀಜವನ್ನೂ ಬಿಸಾಡಬೇಡಿ. ಬಲಿತ ಕಾಯಿಯ ಬೀಜ ಮೆತ್ತಗೆ, ಬಾದಾಮಿಯ ನೆನಪು ತರುವಂಥ ರುಚಿ. ಎರಡು ಹನಿ ತುಪ್ಪದಲ್ಲಿ ಬಾಡಿಸಿ ಉಪ್ಪು, ಕಾಳುಮೆಣಸಿನ ಪುಡಿ ಉದುರಿಸಿದರೆ ಮಕ್ಕಳು ಕಿತ್ತಾಡುತ್ತಾರೆ. ಕಾಯಿಗೊಂದೇ ಬೀಜ ಆದ್ದರಿಂದ ಕಿತ್ತಾಟ ತಪ್ಪುವುದಿಲ್ಲ.

ಕುಡಿಯನ್ನು ತಿನ್ನಬಹುದು ಅಂತ ನಮ್ಮ ಕಡೆ ಬಹಳ ಮಂದಿಗೆ ಗೊತ್ತೇ ಇಲ್ಲ. ನಮಗೂ ಹೇಳಿಕೊಟ್ಟದ್ದು ಮೈದುನ. ಅವನು ಸೈನ್ಯದಲ್ಲಿದ್ದಾಗ ಕಾಲಿಂಪಾಂಗ್ ಕಡೆ ಇದ್ದ. ಡಾರ್ಜಿಲಿಂಗ್, ಸಿಕ್ಕಿಂ, ನೇಪಾಳದಲ್ಲಿ ಇದಕ್ಕೆ ಇಸ್ಕುಸ್ ಅನ್ನುತ್ತಾರೆ. ಕುಡಿಯನ್ನು ಕಟ್ಟು ಕಟ್ಟಿ ಸೊಪ್ಪಿನ ಹಾಗೆ ಮಾರುತ್ತಾರೆ. ಮಿಜೋರಾಂನಲ್ಲಿ ಐಜ್ವಾಲ್ ಹತ್ತಿರದ ಸಿಹ್‌ಫಿರ್ ಊರು ಇದನ್ನು ಬೆಳೆಯುವುದಕ್ಕೇ ಹೆಸರುವಾಸಿ. ನಾವು ಬೆಂಗಳೂರಿನವರ ಕಾಯಿ ಅಂದುಕೊಂಡು, ತಮಿಳರೂ ತೆಲುಗರೂ ಬೆಂಗಳೂರಿನ ಹೆಸರಲ್ಲೇ ಇದನ್ನು ಕರೆದು, ಕಾಯಿ ಒಂದನ್ನೇ ತಿನ್ನುತ್ತಾ ಬಂದೆವು.

ತುದಿಯಿಂದ ಒಂದು ಗೇಣು ಉದ್ದಕ್ಕೆ ಚಿವುಟಿ. ಸುರುಳಿ ಸುತ್ತಿದ ಎಳೆಗಳನ್ನು ತೆಗೆಯಿರಿ, ಅವು ಬೇಯುವುದಿಲ್ಲ. ದಂಟಿನ ಮೇಲಿನ ನಾರನ್ನು ಕೆಳಗೆಳೆದು ಬಿಡಿಸಿ. ತಂಬುಳಿಗೆ ಒಂದು ಹಿಡಿ ಕುಡಿ ಸಾಕು. ಅರ್ಧ ಚಮಚ ಜೀರಿಗೆ, ಆರೇಳು ಕಾಳುಮೆಣಸು, ತುಪ್ಪದಲ್ಲಿ ಕುಡಿಯ ಜೊತೆ ಬಾಡಿಸಿ, ಕಾಯಿತುರಿ ಹಾಕಿ ನುಣ್ಣಗೆ ರುಬ್ಬಿ, ಸಿಹಿ ಮಜ್ಜಿಗೆಗೆ ಕಲಸಿ. ಬೆಳ್ಳುಳ್ಳಿ ಒಗ್ಗರಣೆ ಹಾಕಿ ಪಲ್ಯವನ್ನೂ ಮಾಡಬಹುದು. ಎರಡು ವಾರಕ್ಕೊಮ್ಮೆ ಹೀಗೆ ಕುಡಿ ಕೊಯ್ದರೆ ಬಳ್ಳಿಯೂ ಹೊಸದಾಗಿ ಕವಲೊಡೆಯುತ್ತದೆ. ಹೂ ಬರುವ ಕಾಲಕ್ಕೆ ಮಾತ್ರ ನಿಲ್ಲಿಸಿ.

ಔಷಧಿಯ ಮಾತಿಗೆ ಬಂದರೆ, ಈಗ ಮೊಬೈಲಿನಲ್ಲಿ ಸೀಮೆಬದನೆ ಎಲ್ಲ ಕಾಯಿಲೆಗೂ ಮದ್ದು. ಇದು ಹಳೆಯ ಆಯುರ್ವೇದದ ಔಷಧಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಮೆರಿಕ ಖಂಡದ ಗಿಡ ಇದು, ಯುರೋಪಿನವರು ಹಡಗಿನಲ್ಲಿ ಸುತ್ತಾಡಿದ ಮೇಲೆ ನಮ್ಮ ಕಡೆಗೆ ಬಂದದ್ದು. ಚರಕ, ಸುಶ್ರುತರು ಇದನ್ನು ನೋಡಿರಲು ಸಾಧ್ಯವೇ ಇಲ್ಲ. ನಾಟಿಮದ್ದಾಗಿ ಬಳಸುವ ರೂಢಿ ಇರುವುದು ಮೆಕ್ಸಿಕೋ, ಮಧ್ಯ ಅಮೆರಿಕದಲ್ಲಿ. ಅಲ್ಲಿ ಎಲೆಯ ಕಷಾಯವನ್ನು ಬಿಪಿಗೆ, ಮೂತ್ರ ಸಲೀಸಾಗಿ ಹೋಗಲು, ಮೂತ್ರಪಿಂಡದ ಕಲ್ಲಿಗೆ ಅಂತ ಕುಡಿಯುತ್ತಾರೆ. ಇಲಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಬಿಪಿ ಇಳಿದದ್ದು ಕಂಡಿದೆ. ಇಲಿಗೆ ಆದದ್ದು ನಮಗೂ ಆಗುತ್ತದೆ ಅಂತಲ್ಲ. ಬಿಪಿ ಮಾತ್ರೆ ಬಿಟ್ಟು ಕಷಾಯ ಹಿಡಿಯುವುದು ಅಪಾಯ. ಮಾತ್ರೆಯ ಜೊತೆಗೆ ಕಷಾಯ ಕುಡಿಯುವುದೂ ಡಾಕ್ಟರರನ್ನು ಕೇಳದೆ ಬೇಡ.

ಗರ್ಭಿಣಿಯರಿಗಂತೂ ಕಷಾಯ, ಜ್ಯೂಸ್ ಬೇಡವೇ ಬೇಡ. ಸೀಮೆಬದನೆ ತಿಂದ ಗರ್ಭಿಣಿಯೊಬ್ಬರಿಗೆ ರಕ್ತದ ಪೊಟ್ಯಾಸಿಯಂ ತೀರಾ ಇಳಿದ ಪ್ರಕರಣ 1986ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ಊಟದ ಜೊತೆ ಪಲ್ಯ, ಹುಳಿಗೆ ಹಾಕುವಷ್ಟಕ್ಕೆ ಗಾಬರಿ ಬೀಳುವುದು ಬೇಡ, ದಿನವೂ ಅದನ್ನೇ ಹಿಡಿದು ಕೂರಬೇಡಿ ಅಷ್ಟೇ. ನೂರು ಗ್ರಾಂನಲ್ಲಿ ಸುಮಾರು 93 ಮೈಕ್ರೋಗ್ರಾಂ ಫೋಲೇಟ್ ಇದೆ, ತರಕಾರಿಗೆ ಅದು ಒಳ್ಳೆಯ ಮಟ್ಟವೇ. ಫೋಲೇಟ್ ಬೇಯಿಸಿದ ನೀರಿಗೆ ಇಳಿಯುತ್ತದೆ, ಹಾಗಾಗಿ ಆ ನೀರನ್ನು ಚೆಲ್ಲದೆ ಹುಳಿಗೆ ಸೇರಿಸಿ. ಮೂತ್ರಪಿಂಡದ ಕಾಯಿಲೆ ಇದ್ದು ಪೊಟ್ಯಾಸಿಯಂ ಕಡಿಮೆ ಮಾಡಿ ಅಂತ ಡಾಕ್ಟರ್ ಹೇಳಿದ್ದರೆ ಉಲ್ಟಾ, ಬೇಯಿಸಿದ ನೀರು ಚೆಲ್ಲಬೇಕು.

ಸಕ್ಕರೆ ಕಾಯಿಲೆಯವರಿಗೆ ಇದು ಒಳ್ಳೆಯ ತರಕಾರಿ. ನೂರು ಗ್ರಾಂಗೆ 20 ಕ್ಯಾಲೊರಿಯ ಆಸುಪಾಸು, ಹಿಟ್ಟಿನ ಅಂಶ ಕಡಿಮೆ. ಆಲೂಗಡ್ಡೆ ಹಾಕುವ ಜಾಗದಲ್ಲೆಲ್ಲ ಇದನ್ನು ಹಾಕಿದರೆ ಅದೇ ದೊಡ್ಡ ಲಾಭ. ನಮ್ಮನೆಯಲ್ಲಿ ಜ್ವರ ಬಿಟ್ಟವರಿಗೆ ಹೆಸರುಬೇಳೆ ತೊವ್ವೆಗೆ ಇದನ್ನು ಹಾಕಿ, ಇಂಗು, ಶುಂಠಿ, ಕಾಳುಮೆಣಸಿನ ಒಗ್ಗರಣೆ ಕೊಡುತ್ತೇವೆ. ಮೆತ್ತಗೆ ಬೇಯುತ್ತದೆ, ಹೊಟ್ಟೆಗೆ ಭಾರವಿಲ್ಲ.

ಕೊನೆಗೆ ಗೆಡ್ಡೆ. ಎರಡನೇ ವರ್ಷದಿಂದ ಬುಡದಲ್ಲಿ ಗೆಡ್ಡೆ ಕಟ್ಟುತ್ತದೆ. ಮೆಕ್ಸಿಕೋದಲ್ಲೂ ಡಾರ್ಜಿಲಿಂಗ್ ಕಡೆಯೂ ಇದನ್ನು ತಿನ್ನುತ್ತಾರೆ. ಕೊಯ್ಲು ಮುಗಿದು ಫೆಬ್ರವರಿಯಲ್ಲಿ ಬಳ್ಳಿಯನ್ನು ಚಪ್ಪರದ ಮಟ್ಟಕ್ಕೆ ಸವರುವಾಗಲೇ ಗೆಡ್ಡೆ ತೆಗೆಯುವುದು ಅನುಕೂಲ. ನಡುಬುಡಕ್ಕೆ ಕೈ ಹಾಕಬೇಡಿ. ಒಂದು ಮಗ್ಗುಲಿನಿಂದ ಮಣ್ಣನ್ನು ಕೈಯಲ್ಲೇ ಬಿಡಿಸಿ, ಹೊರಗಡೆಯ ಒಂದೆರಡು ಗೆಡ್ಡೆ ಮಾತ್ರ ಮುರಿದುಕೊಂಡು, ಉಳಿದದ್ದಕ್ಕೆ ಗೊಬ್ಬರ, ಬೂದಿ ಸೇರಿಸಿ ಮಣ್ಣು ಏರಿಸಿ ನೀರು ಕೊಡಿ. ಗೆಡ್ಡೆಯನ್ನು ಚೆನ್ನಾಗಿ ಉಜ್ಜಿ ತೊಳೆದು, ಸಿಪ್ಪೆ ಸಮೇತ ಉಪ್ಪುನೀರಿನಲ್ಲಿ ಬೇಯಿಸಿ, ಆಮೇಲೆ ಸಿಪ್ಪೆ ಸುಲಿದು ಈರುಳ್ಳಿ ಒಗ್ಗರಣೆಗೆ ಹಾಕಿ. ಆಲೂಗಡ್ಡೆಗಿಂತ ಸ್ವಲ್ಪ ಗಟ್ಟಿ, ನಡುವೆ ಒಂದು ನಾರೆಳೆ ಸಿಕ್ಕರೆ ಎಳೆದುಬಿಡಿ. ನೀವು ತೆಗೆಯದಿದ್ದರೆ ಮುಳ್ಳುಹಂದಿ ತೆಗೆಯುತ್ತದೆ. ಅದು ಒಂದು ಮಗ್ಗುಲು ಮಾತ್ರ ಅಂತ ನೋಡುವುದಿಲ್ಲ, ಬುಡದ ಸುತ್ತ ಕಲ್ಲು ಒತ್ತೊತ್ತಾಗಿ ಜೋಡಿಸಿಡಿ.